ಅಪ್ಪನ ಬಲಗೆನ್ನೆ

ಅಪ್ಪನ ಕೈ ನಡುಗಲು ಶುರುವಾದ ಮೇಲೆ ಭಾನುವಾರದ ಕ್ಷೌರ ನನ್ನ ಕೆಲಸವಾಯಿತು. ಹಜಾರದ ಕಿಟಕಿ ಪಕ್ಕ ಕುರ್ಚಿ ಹಾಕಿ, ಹೆಗಲಿಗೆ ಟವೆಲ್ ಹೊದಿಸಿ, ಬ್ರಷ್ಷಿನಿಂದ ನೊರೆ ಹಚ್ಚುತ್ತೇನೆ. ಎಡಗೆನ್ನೆಯ ಮೇಲೆ ರೇಜರ್ ಸಲೀಸಾಗಿ ಇಳಿಯುತ್ತದೆ. ಬಲಗೆನ್ನೆಯಲ್ಲಿ ಹಾಗಾಗುವುದಿಲ್ಲ. ಎರಡು ಬೆರಳಿನಿಂದ ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿದರೆ ಮಾತ್ರ ಬ್ಲೇಡು ಮಡಿಕೆಗಳ ಒಳಗಿನ ಕೂದಲನ್ನು ಮುಟ್ಟುತ್ತದೆ. ಕಣ್ಣಂಚಿನಿಂದ ಹೊರಟ ಗೆರೆಗಳು ಆ ಕಡೆ ದವಡೆಯವರೆಗೂ ಬಂದಿವೆ. ಕೆನ್ನೆಯ ಎಲುಬಿನ ಮೇಲೆ ಕಂದು ಕಲೆಗಳಿವೆ. ಕತ್ತಿನ ಬಲಭಾಗ, ಬೇಸಿಗೆಯಲ್ಲಿ ಕೆರೆಯಂಗಳ ಬಿರಿದ ಹಾಗೆ, ಚೌಕ ಚೌಕವಾಗಿ ಸೀಳಿದೆ. ಒಂದೇ ಮುಖದಲ್ಲಿ ಅಣ್ಣ ತಮ್ಮ ಇಬ್ಬರು ಕೂತ ಹಾಗೆ: ಎಡಕ್ಕೆ ತಮ್ಮ, ಬಲಕ್ಕೆ ಹತ್ತು ಹನ್ನೆರಡು ವರ್ಷ ದೊಡ್ಡ ಅಣ್ಣ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಸರ್ವೀಸಿನ ಬಹುಪಾಲು ಒಂದೇ ರೂಟು: ಮೈಸೂರು, ಹಾಸನ, ಅರಸೀಕೆರೆ. ಬೆಳಗ್ಗೆ ಏಳಕ್ಕೆ ಮೈಸೂರು ಬಿಟ್ಟರೆ ಬಸ್ಸಿನ ಮೂತಿ ಉತ್ತರದ ಕಡೆಗೆ, ಸೂರ್ಯ ಪೂರ್ವದಲ್ಲಿ, ಅಂದರೆ ಡ್ರೈವರಿನ ಬಲಕ್ಕೆ. ಮಧ್ಯಾಹ್ನ ಎರಡಕ್ಕೆ ಅರಸೀಕೆರೆಯಿಂದ ಹೊರಟರೆ ಮೂತಿ ದಕ್ಷಿಣಕ್ಕೆ. ಅಷ್ಟು ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ, ಅಂದರೆ ಮತ್ತೆ ಡ್ರೈವರಿನ ಬಲಕ್ಕೇ. ಹೋಗುವಾಗಲೂ ಬರುವಾಗಲೂ ಬಿಸಿಲು ಬಿದ್ದದ್ದು ಅದೇ ಕೆನ್ನೆಯ ಮೇಲೆ. ಇಷ್ಟು ಸರಳ ಲೆಕ್ಕ ನನಗೆ ಹೊಳೆಯಲು ಐವತ್ತು ವರ್ಷ ಬೇಕಾಯಿತು.

ಅದು ಹೊಳೆದದ್ದೂ ಒಂದು ಫೋಟೊ ನೋಡಿದ ಮೇಲೆ. 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ ಅಮೆರಿಕದ 69 ವರ್ಷದ ಚಾಲಕನೊಬ್ಬನ ಮುಖವನ್ನು ಪ್ರಕಟಿಸಿತ್ತು. 28 ವರ್ಷ ಸರಕು ಸಾಗಿಸುವ ಟ್ರಕ್ ಓಡಿಸಿದ ಮನುಷ್ಯ. ಅಲ್ಲಿ ಸ್ಟಿಯರಿಂಗ್ ಎಡಕ್ಕಿರುವುದರಿಂದ ಅವನ ಎಡಗೆನ್ನೆ ಜೋತು ಬಿದ್ದು, ದಪ್ಪ ದಪ್ಪ ಮಡಿಕೆಗಳಾಗಿತ್ತು. ಬಲಗೆನ್ನೆ ವಯಸ್ಸಿಗೆ ತಕ್ಕಂತೆ ಇತ್ತು. ಕಿಟಕಿಯ ಗಾಜು ಚರ್ಮ ಸುಡುವ ಯುವಿ-ಬಿ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಯುವಿ-ಎ ಕಿರಣಗಳು ಅದನ್ನು ದಾಟಿ ಒಳಚರ್ಮದವರೆಗೆ ಇಳಿಯುತ್ತವೆ. ಅಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಟ್ಟ ಕೊಲಾಜೆನ್ ನಾರುಗಳನ್ನೂ ಎಲಾಸ್ಟಿನ್ ನಾರುಗಳನ್ನೂ ವರ್ಷ ವರ್ಷ ಸವೆಸುತ್ತವೆ. ಅಪ್ಪನ ಬಸ್ಸಿನ ಕಿಟಕಿಯಂತೂ ಸೆಕೆಗೆ ಸದಾ ತೆರೆದೇ ಇರುತ್ತಿತ್ತು.

ಈ ಫೋಟೊದಲ್ಲಿ ಒಂದು ದೊಡ್ಡ ಪಾಠವಿದೆ. ಆ ಚಾಲಕನ ಎರಡು ಕೆನ್ನೆಗಳಿಗೂ ರಕ್ತ ಒಂದೇ, ಊಟ ಒಂದೇ, ನಿದ್ದೆ ಒಂದೇ, ವಂಶ ಒಂದೇ. ಬೇರೆಯಾದದ್ದು ಬಿಸಿಲು ಮಾತ್ರ. ಆದ್ದರಿಂದ ವ್ಯತ್ಯಾಸ ಬಿಸಿಲಿನದು ಎಂದು ಧೈರ್ಯವಾಗಿ ಹೇಳಬಹುದು. ಮುಖಕ್ಕೆ ಹಚ್ಚುವ ಲೇಪಗಳನ್ನು ಪರೀಕ್ಷಿಸುವವರೂ ಇದೇ ಉಪಾಯ ಬಳಸುತ್ತಾರೆ: ಅರ್ಧ ಮುಖಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು. ಯಾವ ಕಡೆಗೆ ಯಾವುದು ಎಂದು ಹಚ್ಚಿಕೊಳ್ಳುವವನಿಗೂ ನೋಡಿ ಅಂಕ ಹಾಕುವವನಿಗೂ ತಿಳಿದಿರಬಾರದು.

ನನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಮಗಳು ಒಂದು ಟ್ಯೂಬು ತಂದುಕೊಟ್ಟಳು. ಕಡು ಹಸಿರು ಬಣ್ಣ, ಮೇಲೊಂದು ಎಲೆಯ ಚಿತ್ರ: ಗಂಡಸರಿಗಾಗಿ, ಸಸ್ಯಜನ್ಯ, ಆಂಟಿ-ಏಜಿಂಗ್, ಡರ್ಮಟಾಲಜಿಸ್ಟ್ ಟೆಸ್ಟೆಡ್. ಇಂಥವು ಈಗ ನಮ್ಮ ಬಡಾವಣೆಯ ಮೆಡಿಕಲ್ ಶಾಪಿನಲ್ಲೂ ಒಂದು ಸಾಲು ತುಂಬ ಇವೆ. ನನ್ನ ವಯಸ್ಸಿನ ಗಂಡಸರು ಮುಖದ ಬಗ್ಗೆ ಕಾಳಜಿ ಮಾಡುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಕೊಟ್ಟ ದುಡ್ಡಿಗೆ ಸಿಗುವುದೇನು ಎಂಬುದು ಗೊತ್ತಾಗಬೇಕು, ಅಷ್ಟೇ.

ಮೊದಲಿಗೆ ಆ ‘ಟೆಸ್ಟೆಡ್’ ಎಂಬ ಮಾತು. ಸಾಮಾನ್ಯವಾಗಿ ಅದರ ಹಿಂದೆ ಇರುವುದು ಪ್ಯಾಚ್ ಟೆಸ್ಟ್: ಲೇಪವನ್ನು ಬೆನ್ನಿಗೋ ಮುಂಗೈಗೋ ಅಂಟಿಸಿ, ಒಂದೆರಡು ದಿನ ಬಿಟ್ಟು, ಕೆಂಪಾಯಿತೇ, ತುರಿಸಿತೇ ಎಂದು ನೋಡುವುದು. ಭಾರತದಲ್ಲಿ 2014ರಿಂದ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವಂತಿಲ್ಲ. ಹೀಗಾಗಿ ಮನುಷ್ಯರ ಮೇಲಿನ ಈ ಪರೀಕ್ಷೆಯ ಮಹತ್ವ ಇನ್ನೂ ಹೆಚ್ಚಿದೆ. ಅದು ಅಗತ್ಯವೇ. ಆದರೆ ಲೇಪ ಉರಿಸುವುದಿಲ್ಲ ಎಂಬುದಕ್ಕೂ ಸುಕ್ಕು ಇಳಿಸುತ್ತದೆ ಎಂಬುದಕ್ಕೂ ಬಹಳ ದೂರ. ಎರಡನೆಯದನ್ನು ತೋರಿಸಲು ತಿಂಗಳುಗಳೇ ಬೇಕು. ಅದಕ್ಕೆ ಉಪಕರಣಗಳಿವೆ. ಕಣ್ಣಂಚಿಗೆ ಸಿಲಿಕೋನ್ ಹಿಟ್ಟು ಒತ್ತಿ, ಗೆರೆಗಳ ಅಚ್ಚು ತೆಗೆದು, ಆಳ ಅಳೆಯುತ್ತಾರೆ. ‘ಕ್ಯೂಟೊಮೀಟರ್’ ಎಂಬುದು ಎರಡು ಮಿಲಿಮೀಟರ್ ಅಗಲದ ತೂತಿನಿಂದ ಚರ್ಮವನ್ನು ಹೀರಿ ಬಿಟ್ಟು, ಅದು ಎಷ್ಟು ಬೇಗ ತನ್ನ ಜಾಗಕ್ಕೆ ಮರಳುತ್ತದೆ ಎಂದು ನೋಡುತ್ತದೆ. ಅಪ್ಪನ ಮುಂಗೈ ಚರ್ಮವನ್ನು ನಾನು ಚಿವುಟಿ ಬಿಟ್ಟು ನೋಡುತ್ತೇನಲ್ಲ, ಹೆಚ್ಚುಕಡಿಮೆ ಅದೇ ತತ್ವ.

ಇಷ್ಟೆಲ್ಲ ಅಳೆದರೂ ಮೋಸ ಹೋಗುವ ಜಾಗ ಒಂದಿದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಅದರ ಸುಕ್ಕು ಬಿಡುತ್ತದೆ. ಮುಖದ ಹೊರಪದರವೂ ಹಾಗೆಯೇ. ಗ್ಲಿಸರಿನ್ ಇರುವ ಯಾವ ಸಾದಾ ಕ್ರೀಮು ಹಚ್ಚಿದರೂ ಅದು ನೀರು ಹಿಡಿದು ಉಬ್ಬಿ, ಸಣ್ಣ ಗೆರೆಗಳು ಗಂಟೆಯೊಳಗೆ ಮರೆಯಾಗುತ್ತವೆ. ಸಂಜೆಗೆ ಮತ್ತೆ ಬರುತ್ತವೆ. ಆದ್ದರಿಂದ ಬೇರಿನದೋ ಬೀಜದ್ದೋ ಗುಣ ತಿಳಿಯಬೇಕಾದರೆ, ಆ ಸಸ್ಯಸಾರ ಹಾಕದ ಅದೇ ಕ್ರೀಮಿನ ಜೊತೆ ಹೋಲಿಸಬೇಕು. ಏನೂ ಹಚ್ಚದ ಮುಖದ ಜೊತೆ ಹೋಲಿಸಿದ ಪರೀಕ್ಷೆ ಗ್ಲಿಸರಿನ್ನಿನ ಗುಣವನ್ನು ಗಿಡದ ಖಾತೆಗೆ ಬರೆದುಬಿಡುತ್ತದೆ.

ಗಂಡಸಿನ ಮುಖಕ್ಕೆ ಬಂದರೆ ಇನ್ನಷ್ಟು ತೊಡಕುಗಳಿವೆ. ನಮ್ಮ ಚರ್ಮ ಹೆಂಗಸರದ್ದಕ್ಕಿಂತ ಸುಮಾರು ಶೇಕಡ 20ರಷ್ಟು ದಪ್ಪ, ಜಿಡ್ಡು ಹೆಚ್ಚು. ಹೆಂಗಸರಲ್ಲಿ ಕೊಲಾಜೆನ್ ಮುಟ್ಟು ನಿಂತ ಮೇಲೆ ರಭಸದಿಂದ ಇಳಿಯುತ್ತದೆ. ಗಂಡಸರಲ್ಲಿ ಹರೆಯ ದಾಟಿದಾಗಿನಿಂದಲೇ ಒಂದೇ ಹದದಲ್ಲಿ ಇಳಿಯುತ್ತ ಹೋಗುತ್ತದೆ. ಇನ್ನು ಕ್ಷೌರ. ಬ್ಲೇಡು ಕೂದಲಿನ ಜೊತೆ ಚರ್ಮದ ತೆಳು ಪದರವನ್ನೂ ಕೆರೆದು ತೆಗೆಯುತ್ತದೆ. ಅದರ ಬೆನ್ನಿಗೇ ಹಚ್ಚಿದ ಲೇಪ ಹೆಚ್ಚು ಒಳಗಿಳಿಯುತ್ತದೆ, ಹೆಚ್ಚು ಉರಿಸುತ್ತದೆ. ಹೀಗೆಲ್ಲ ಇದ್ದೂ ಸಸ್ಯಸಾರಗಳ ಎಷ್ಟೋ ಪರೀಕ್ಷೆಗಳಲ್ಲಿ ಒಬ್ಬನೇ ಒಬ್ಬ ಗಂಡಸಿರುವುದಿಲ್ಲ. ನಾವು ತಂಬುಳಿ ಮಾಡುವ ಒಂದೆಲಗದಲ್ಲಿ ಮೇಡಕ್ಯಾಸೊಸೈಡ್ ಎಂಬ ಅಂಶವಿದೆ. ಅದನ್ನು ಸಿ ವಿಟಮಿನ್ ಜೊತೆ ಸೇರಿಸಿ ಆರು ತಿಂಗಳು ಹಚ್ಚಿ ನೋಡಿದ ಅಧ್ಯಯನವೊಂದು 2008ರಲ್ಲಿ ಬಂತು. ಗೆರೆಗಳು ಇಳಿದದ್ದು ನಿಜ. ಹಚ್ಚಿಕೊಂಡವರು 20 ಮಂದಿ, ಎಲ್ಲರೂ ಹೆಂಗಸರು. ಅಲ್ಲದೆ ಸಿ ವಿಟಮಿನ್ನಿಗೆ ತನ್ನದೇ ಗುಣವಿರುವಾಗ ಒಂದೆಲಗಕ್ಕೆ ಎಷ್ಟು ಪಾಲು ಕೊಡುವುದು? ಇಂಥ ಅಧ್ಯಯನವನ್ನು ಮುಂದಿಟ್ಟು ಗಡ್ಡದ ಮುಖಗಳಿಗೆ ಕ್ರೀಮು ಮಾರುವುದು ನನಗೆ ಸರಿ ಕಾಣುವುದಿಲ್ಲ.

ಮಗಳು ತಂದ ಟ್ಯೂಬಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದ ಹೆಸರು ಬಾಕುಚಿಯೋಲ್. ಅದರ ಮೂಲ ನಮ್ಮ ಬಾವಂಚಿ. ಮೈಸೂರಿನ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ: ಕಪ್ಪು, ಮೂತ್ರಪಿಂಡದ ಆಕಾರದ, ಸಾಸಿವೆಗಿಂತ ದೊಡ್ಡ, ಮೂಗಿಗೆ ಹಿಡಿದರೆ ಕಮಟು ವಾಸನೆಯ ಬೀಜ. ಅಂಗಡಿಯವರು ಕೊಡುವಾಗ ನನ್ನ ಕೈಗಳನ್ನೊಮ್ಮೆ ನೋಡಿ, “ಯಾರಿಗೆ ಸ್ವಾಮಿ, ತೊನ್ನಿಗಾ?” ಎಂದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಬಾವಂಚಿ ಆಯುರ್ವೇದದಲ್ಲಿ ತೊನ್ನಿನ ಔಷಧಿ. ಆ ಬೀಜದಲ್ಲಿ ಸೋರಾಲೆನ್ ಎಂಬ ವಸ್ತುವಿದೆ. ಅದನ್ನು ಹಚ್ಚಿ ಬಿಸಿಲಿಗೆ ಒಡ್ಡಿದರೆ ಚರ್ಮ ಬಿಸಿಲಿಗೆ ಹೆಚ್ಚು ಸ್ಪಂದಿಸಿ, ಬಿಳಿ ಜಾಗದಲ್ಲಿ ಬಣ್ಣ ಮೂಡಲು ದಾರಿಯಾಗುತ್ತದೆ. ಆಧುನಿಕ ವೈದ್ಯರು ಇದೇ ಸೋರಾಲೆನ್ನನ್ನು ಯುವಿ-ಎ ದೀಪದೊಡನೆ, ಅಳತೆ ತಪ್ಪದೆ ಬಳಸುತ್ತಾರೆ. ಅಳತೆ ತಪ್ಪಿದರೆ ಬೊಬ್ಬೆ ಏಳುತ್ತದೆ, ಸುಟ್ಟ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಅದೇ ಬೀಜದಿಂದ ಪುಣೆಯ ವಿಜ್ಞಾನಿಗಳು 1966ರಲ್ಲಿ ಇನ್ನೊಂದು ವಸ್ತುವನ್ನು ಬಿಡಿಸಿ, ಸಂಸ್ಕೃತದ ಬಾಕುಚಿಯಿಂದಲೇ ಅದಕ್ಕೆ ಬಾಕುಚಿಯೋಲ್ ಎಂದು ಹೆಸರಿಟ್ಟರು. ಮೆಹ್ತಾ, ನಾಯಕ್ ಮತ್ತು ಸುಖ್ ದೇವ್ ಎಂಬ ಮೂವರ ಕೆಲಸ ಅದು. ಇದು ಸೋರಾಲೆನ್ನಿನ ಹಾಗೆ ಬಿಸಿಲನ್ನು ಕರೆಯುವುದಿಲ್ಲ. ದಶಕಗಳ ನಂತರ, ಚರ್ಮದ ಕೋಶಗಳಲ್ಲಿ ಇದು ರೆಟಿನಾಲ್ ಮಾಡುವಂಥದ್ದೇ ಕೆಲಸಗಳನ್ನು ಮಾಡುತ್ತದೆ ಎಂದು ಕಂಡುಬಂತು. ರೆಟಿನಾಲ್ ಎಂದರೆ ಎ ವಿಟಮಿನ್. ಅದರ ಬಂಧು ಟ್ರೆಟಿನಾಯಿನ್, ಮೊಡವೆಯ ಔಷಧಿ. ಬಿಸಿಲಿಗೆ ಮುಪ್ಪಾದ ಚರ್ಮವನ್ನು ಟ್ರೆಟಿನಾಯಿನ್ ಸುಧಾರಿಸುತ್ತದೆ ಎಂದು 1986ರಲ್ಲಿ ಪೆನ್ಸಿಲ್ವೇನಿಯಾದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು ತೋರಿಸಿದ್ದರು. ಸುಕ್ಕಿಗೆ ಹಚ್ಚುವ ಮದ್ದುಗಳಲ್ಲಿ ಇವತ್ತಿಗೂ ಅತಿ ಹೆಚ್ಚು ಪುರಾವೆ ಇರುವುದು ಈ ಕುಟುಂಬಕ್ಕೇ. ಕಷ್ಟವೆಂದರೆ ಅದು ಉರಿಸುತ್ತದೆ, ಸಿಪ್ಪೆ ಏಳಿಸುತ್ತದೆ.

ಬಾಕುಚಿಯೋಲನ್ನು ರೆಟಿನಾಲಿನ ಎದುರು ನಿಲ್ಲಿಸಿದ ಪರೀಕ್ಷೆ 2019ರ ‘ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ’ಯಲ್ಲಿದೆ. 44 ಜನ, 12 ವಾರ. ಒಂದು ಗುಂಪಿಗೆ ಶೇಕಡ 0.5ರ ಬಾಕುಚಿಯೋಲ್, ದಿನಕ್ಕೆ ಎರಡು ಸಲ. ಇನ್ನೊಂದು ಗುಂಪಿಗೆ ಅಷ್ಟೇ ಪ್ರಮಾಣದ ರೆಟಿನಾಲ್, ದಿನಕ್ಕೆ ಒಂದು ಸಲ. ಎರಡೂ ಗುಂಪುಗಳಲ್ಲಿ ಸುಕ್ಕೂ ಕಪ್ಪು ಕಲೆಯೂ ಇಳಿದವು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಉರಿ, ಸಿಪ್ಪೆ ಏಳುವುದು ರೆಟಿನಾಲಿನವರಲ್ಲೇ ಹೆಚ್ಚು. ಇದು ಮರ್ಯಾದಸ್ಥ ಪರೀಕ್ಷೆ, ನಾನು ಗೌರವದಿಂದ ಓದಿದೆ. ಆದರೂ ಅಲ್ಲಿ ಸಾದಾ ಕ್ರೀಮಿನ ಮೂರನೆಯ ಗುಂಪಿರಲಿಲ್ಲ. ಒಣದ್ರಾಕ್ಷಿಯ ಪ್ರಶ್ನೆ ಅಲ್ಲಿಯೂ ಹಾಗೇ ಉಳಿಯಿತು.

ಗ್ರಂಧಿಗೆ ಅಂಗಡಿಯ ಪೊಟ್ಟಣವನ್ನೂ ಟ್ಯೂಬನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸಿದ್ದು ಇದು: ‘ಸಸ್ಯಜನ್ಯ’ ಎಂಬ ಒಂದೇ ಮಾತು ಇವೆರಡನ್ನೂ ಮುಚ್ಚಿಹಾಕುತ್ತದೆ. ಒಂದು ಬಿಸಿಲಿಗೆ ಚರ್ಮವನ್ನು ಸುಡಿಸಬಲ್ಲದು, ಇನ್ನೊಂದು ಬಿಸಿಲಿನ ಹಾನಿಯನ್ನು ಸ್ವಲ್ಪ ತುಂಬಿಕೊಡಬಹುದು. ಮೂಲ ಒಂದೇ ಬೀಜ. ಮನೆಯಲ್ಲಿ ಬಾವಂಚಿ ಅರೆದು, ಎಣ್ಣೆ ಕಾಯಿಸಿ ಮುಖಕ್ಕೆ ಹಚ್ಚಬಹುದಲ್ಲ ಎಂದು ಕೇಳುವವರಿಗೆ ನಾನು ಕೈ ಮುಗಿದು ಬೇಡ ಎನ್ನುತ್ತೇನೆ. ನಿಂಬೆಹಣ್ಣಿಗೂ ಇದೇ ಮಾತು. ನಿಂಬೆರಸ ತಿಕ್ಕಿಕೊಂಡು ಬಿಸಿಲಿಗೆ ಹೋದವರ ಮುಖದಲ್ಲಿ ರಸ ಇಳಿದ ಗುರುತೇ ಕಪ್ಪು ಪಟ್ಟೆಯಾಗಿ ಉಳಿಯುವುದುಂಟು.

ನಮ್ಮ ಹಳ್ಳಿಯ ಗಂಡಸರ ಮಟ್ಟಿಗೆ ಇನ್ನೂ ಹತ್ತಿರದ ಅಪಾಯ ಕಾಂಗ್ರೆಸ್ ಗಿಡ. ಬೇಲಿಯಲ್ಲಿ, ಬಯಲಲ್ಲಿ ಅದರ ಧೂಳು ಗಾಳಿಗೆ ಹಾರಿ ಮುಖ, ಕತ್ತು, ರೆಪ್ಪೆಗಳಿಗೆ ಹತ್ತಿ, ಚರ್ಮ ದಪ್ಪವಾಗಿ, ಕಪ್ಪಾಗಿ, ತುರಿಸುವ ಕಾಯಿಲೆ ನಮ್ಮಲ್ಲಿ ಹೊಲದ ಕೆಲಸದ ಗಂಡಸರಿಗೇ ಹೆಚ್ಚು. ಸೇವಂತಿಗೆ, ಸೂರ್ಯಕಾಂತಿ, ಕ್ರೀಮುಗಳಲ್ಲಿ ಸೇರಿಸುವ ಕ್ಯಾಮೊಮೈಲ್, ಕ್ಯಾಲೆಂಡುಲಾ, ಆರ್ನಿಕಾ ಎಲ್ಲವೂ ಕಾಂಗ್ರೆಸ್ ಗಿಡದ ಕುಟುಂಬಕ್ಕೇ ಸೇರಿದವು. ಒಂದಕ್ಕೆ ಮುನಿದ ಚರ್ಮ ಇನ್ನೊಂದಕ್ಕೂ ಮುನಿಯಬಹುದು. ಅಂಥವರು ಹೂವಿನ ಚಿತ್ರ ನೋಡಿ ತಂಪು ಎಂದುಕೊಳ್ಳದೆ, ಲೇಪವನ್ನು ಮೊದಲು ಮೊಣಕೈ ಮಡಿಕೆಯಲ್ಲಿ ವಾರವಿಡೀ ಹಚ್ಚಿ ನೋಡಬೇಕು. ಇನ್ನು ನಾಲ್ಕೇ ದಿನದಲ್ಲಿ ಮುಖ ಫಳಫಳ ಹೊಳೆಸುವ ‘ಗಿಡಮೂಲಿಕೆ’ ಕ್ರೀಮು ಯಾರಾದರೂ ಕೊಟ್ಟರೆ ಅದರಲ್ಲಿ ಸ್ಟೆರಾಯ್ಡ್ ಇರಬಹುದೆಂದು ಅನುಮಾನಿಸಿ. ಯಾವ ಗಿಡವೂ ಅಷ್ಟು ಅವಸರದಲ್ಲಿ ಸುಕ್ಕು ಇಳಿಸುವುದಿಲ್ಲ.

ಟ್ಯೂಬಿನ ಪಟ್ಟಿಯನ್ನು ಓದುವುದಕ್ಕೂ ಒಂದು ರೀತಿ ಇದೆ. ಹೆಚ್ಚು ಇರುವ ವಸ್ತು ಮೊದಲು, ಕಡಿಮೆ ಇರುವುದು ಆಮೇಲೆ, ಇದು ನಿಯಮ. ಆದರೆ ಶೇಕಡ ಒಂದಕ್ಕಿಂತ ಕಡಿಮೆ ಇರುವವನ್ನು ತಮಗೆ ಬೇಕಾದ ಕ್ರಮದಲ್ಲಿ ಬರೆಯಬಹುದು. ಫಿನಾಕ್ಸಿಎಥೆನಾಲ್ ಎಂಬ ಹೆಸರು ಬಹಳ ಟ್ಯೂಬುಗಳಲ್ಲಿ ಸಿಗುತ್ತದೆ. ಕೆಡದಂತೆ ಹಾಕುವ ಈ ವಸ್ತು ಸಾಮಾನ್ಯವಾಗಿ ಶೇಕಡ ಒಂದನ್ನು ಮೀರುವುದಿಲ್ಲ. ಅದರ ನಂತರ ಬರುವ ಎಲೆ, ಬೇರು, ಹೂಗಳ ಮೆರವಣಿಗೆ ಚಿಟಿಕೆಯಷ್ಟೇ ಇರಬಹುದು. ಪರೀಕ್ಷೆಯಲ್ಲಿ ಬಳಸಿದ ಪ್ರಮಾಣ ಟ್ಯೂಬಿನ ಮೇಲೆ ಅಂಕಿಯಲ್ಲಿ ಇದ್ದರೆ ಮಾತ್ರ ಆ ಪರೀಕ್ಷೆಯ ಹೆಸರು ಹೇಳಲು ಅದಕ್ಕೆ ಹಕ್ಕಿದೆ.

ಮಗಳ ಉಡುಗೊರೆಯನ್ನು ಸುಮ್ಮನೆ ಹಚ್ಚಿ ಮುಗಿಸಲು ಮನಸ್ಸಾಗಲಿಲ್ಲ. ಅದೇ ಕಂಪನಿಯ, ಬಾಕುಚಿಯೋಲ್ ಇಲ್ಲದ ಸಾದಾ ಕ್ರೀಮು ತಂದೆ. ಪಟ್ಟಿಯ ಉಳಿದ ಹೆಸರುಗಳು ಬಹುಪಾಲು ಒಂದೇ. ಹೆಂಡತಿ ಎರಡನ್ನೂ ಒಂದೇ ಥರದ ಎರಡು ಬಿಳಿ ಡಬ್ಬಿಗೆ ತುಂಬಿ, ಮೇಲೆ ‘ಎಡ’, ‘ಬಲ’ ಎಂದು ಬರೆದು, ಯಾವುದರಲ್ಲಿ ಏನಿದೆ ಎಂಬ ಚೀಟಿಯನ್ನು ಅಕ್ಕಿ ಡಬ್ಬದಲ್ಲಿ ಇಟ್ಟಳು. “ಹನ್ನೆರಡು ವಾರ ಆಗೋ ತನಕ ಕೇಳ್ಬೇಡಿ ರೀ, ನಾನೂ ಹೇಳಲ್ಲ” ಎಂದಳು. ಬೆಳಗ್ಗೆ ಕ್ಷೌರವಾಗಿ ಅರ್ಧ ಗಂಟೆಯ ಮೇಲೆ ಒಮ್ಮೆ, ರಾತ್ರಿ ಒಮ್ಮೆ. ಹೊರಗೆ ಹೊರಡುವ ಮುಂಚೆ ಎರಡೂ ಕಡೆಗೆ ಸನ್‌ಸ್ಕ್ರೀನ್.

ಪ್ರತಿ ಭಾನುವಾರ ಫೋಟೊ. ಇಲ್ಲಿ ಕಲಿತದ್ದೇ ನನಗೆ ಅತಿ ಉಪಯೋಗದ ಪಾಠ. ಮೊದಲ ದಿನ ಕಿಟಕಿಗೆ ಪಕ್ಕವಾಗಿ ನಿಂತು ಒಂದು ಫೋಟೊ ತೆಗೆಸಿಕೊಂಡೆ, ಐದು ನಿಮಿಷ ಬಿಟ್ಟು ಕಿಟಕಿಗೆ ಎದುರಾಗಿ ಇನ್ನೊಂದು. ಬೆಳಕು ಪಕ್ಕದಿಂದ ಬಂದಾಗ ಪ್ರತಿ ಗೆರೆಯ ಹಿಂದೆ ನೆರಳು ಬಿದ್ದು ಹಣೆ ಉತ್ತ ಹೊಲದಂತಿತ್ತು. ಎದುರಿನಿಂದ ಬಂದಾಗ ಆ ನೆರಳುಗಳೇ ಇಲ್ಲ. ಒಂದೇ ಬೆಳಗ್ಗೆ, ಒಂದೇ ಮುಖ, ಏನೂ ಹಚ್ಚದೆ ಹತ್ತು ವರ್ಷ ಇಳಿದ ಹಾಗೆ. ‘ಮುಂಚೆ’, ‘ಆಮೇಲೆ’ ಎಂಬ ಜೋಡಿ ಚಿತ್ರಗಳನ್ನು ನೋಡುವಾಗ ಈಗ ನಾನು ಮೊದಲು ಮೂಗಿನ ನೆರಳು ಯಾವ ಕಡೆಗೆ ಬಿದ್ದಿದೆ ಎಂದು ನೋಡುತ್ತೇನೆ. ನನ್ನ ಫೋಟೊಗಳಿಗಾಗಿ ನೆಲಕ್ಕೆ ಟೇಪು ಅಂಟಿಸಿ ನಿಲ್ಲುವ ಜಾಗ ಗೊತ್ತು ಮಾಡಿದೆ. ಹೊತ್ತು ಬೆಳಗ್ಗೆ ಏಳು. ಮುಖ ತೊಳೆದು ಇಪ್ಪತ್ತು ನಿಮಿಷವಾಗಿರಬೇಕು, ನಗಬಾರದು.

ಆರನೇ ವಾರದ ಹೊತ್ತಿಗೆ ಬಲಗೆನ್ನೆ ನುಣುಪಾಗಿದೆ ಎಂದು ನನಗೆ ಖಚಿತವಾಗಿತ್ತು. ಬೆರಳಾಡಿಸಿದರೆ ಗೊತ್ತಾಗುತ್ತಿತ್ತು. ಆಫೀಸಿನಲ್ಲೂ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಆ ಹೊತ್ತಿನಲ್ಲೇ ಆಸ್ಟ್ರೇಲಿಯಾದ ನ್ಯಾಂಬೂರ್ ಎಂಬ ಊರಿನ ಅಧ್ಯಯನ ಓದಿದೆ. 1992ರಿಂದ 1996ರವರೆಗೆ ನಡೆದು, ಮುಪ್ಪಿಗೆ ಸಂಬಂಧಿಸಿದ ಲೆಕ್ಕ 2013ರಲ್ಲಿ ಪ್ರಕಟವಾದದ್ದು. 55 ವರ್ಷದೊಳಗಿನ 903 ಜನ, ಅವರಲ್ಲಿ ಗಂಡಸರೂ ಇದ್ದರು. ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಉಳಿದವರನ್ನು ಅವರ ಇಷ್ಟಕ್ಕೆ ಬಿಟ್ಟರು. ಜೊತೆಗೆ ಕೆಲವರಿಗೆ ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಗುಳಿಗೆ, ಉಳಿದವರಿಗೆ ಹುಸಿ ಗುಳಿಗೆ. ಅಂಗೈ ಹಿಂಬದಿಯ ಸಿಲಿಕೋನ್ ಅಚ್ಚು ತೆಗೆದು ನಾಲ್ಕೂವರೆ ವರ್ಷದ ಮೇಲೆ ಹೋಲಿಸಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡ 24ರಷ್ಟು ಕಡಿಮೆ. ಬೀಟಾ ಕ್ಯಾರೊಟಿನ್ ಒಟ್ಟಾರೆ ಏನನ್ನೂ ಮಾಡಲಿಲ್ಲ. ಗ್ರೀನ್ ಟೀಯ ಸಾರವನ್ನು ಎರಡು ವರ್ಷ ನುಂಗಿಸಿ ನೋಡಿದ ಅಮೆರಿಕದ ಇನ್ನೊಂದು ಪರೀಕ್ಷೆಯೂ ಕೊನೆಗೆ ಹುಸಿ ಗುಳಿಗೆಗಿಂತ ಹೆಚ್ಚಿನದೇನನ್ನೂ ಕಾಣಲಿಲ್ಲ. ಅದರಲ್ಲಿ ಗಂಡಸರೇ ಇರಲಿಲ್ಲ. ಗಿಡಗಳ ಮೇಲೆ ನನಗೆ ಪ್ರೀತಿಯಿದೆ. ಆದರೆ ಸುಕ್ಕು ಬಾರದಂತೆ ತಡೆಯುವುದರಲ್ಲಿ ಇಷ್ಟು ಜನರ ಮೇಲೆ, ಇಷ್ಟು ವರ್ಷ ಪರೀಕ್ಷೆಗೆ ನಿಂತು ಗೆದ್ದದ್ದು ಸನ್‌ಸ್ಕ್ರೀನ್ ಎಂಬುದನ್ನು ಒಪ್ಪಲೇಬೇಕು. ಸೆಲೂನಿನಲ್ಲಿ ಫೇಶಿಯಲ್‌ಗೆ ದುಡ್ಡು ಕೊಡುವ ನನ್ನ ಗೆಳೆಯರಲ್ಲಿ ದಿನಾ ಇದನ್ನು ಹಚ್ಚುವವರು ಇಬ್ಬರೇ.

ಹನ್ನೆರಡು ವಾರವಾಯಿತು. ಮೊದಲ ಮತ್ತು ಕೊನೆಯ ಭಾನುವಾರದ ಫೋಟೊಗಳನ್ನು ತಾರೀಕಿಲ್ಲದೆ ಕಲೆಸಿ, ನನ್ನ ಅಕ್ಕನಿಗೆ, ಪಕ್ಕದ ಮನೆಯ ಮೇಷ್ಟರಿಗೆ, ಆಫೀಸಿನ ಗೆಳೆಯನಿಗೆ ಕೊಟ್ಟೆ. ಮೂವರೂ ಕೊನೆಯ ಭಾನುವಾರದ ಮುಖವೇ ಚೆನ್ನಾಗಿದೆ ಎಂದರು. ಯಾವ ಅರ್ಧ ಹೆಚ್ಚು ಚೆನ್ನಾಗಿದೆ ಎಂದು ಕೇಳಿದರೆ ಅಕ್ಕ ಎಡ ಎಂದಳು, ಗೆಳೆಯ ಬಲ ಎಂದ. ಮೇಷ್ಟರು ಬಹಳ ಹೊತ್ತು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, “ವ್ಯತ್ಯಾಸ ಕಾಣಿಸ್ತಿಲ್ಲ ಸರ್” ಎಂದರು. ಹೆಂಡತಿ ಅಕ್ಕಿಯೊಳಗಿಂದ ಚೀಟಿ ತೆಗೆದಳು. ಬಾಕುಚಿಯೋಲ್ ಇದ್ದದ್ದು ಎಡಕ್ಕೆ. ನಾನು ಆರು ವಾರ ನಂಬಿ ಸವರಿದ ಬಲಗೆನ್ನೆಗೆ ಹಚ್ಚಿದ್ದು ಸಾದಾ ಕ್ರೀಮು.

ಒಬ್ಬನ ಮುಖ ಬಾಕುಚಿಯೋಲ್ ಕೆಲಸ ಮಾಡುತ್ತದೆ ಎಂದಾಗಲಿ ಮಾಡುವುದಿಲ್ಲ ಎಂದಾಗಲಿ ಹೇಳಲಾರದು. ಎಡಗೆನ್ನೆಗೆ ಏನೂ ತೊಂದರೆಯಾಗಲಿಲ್ಲ. ಟ್ಯೂಬು ಮುಗಿಯುವವರೆಗೆ ಎರಡೂ ಕಡೆಗೆ ಹಚ್ಚಿದೆ. ಎರಡೂ ಕಡೆ ಸುಧಾರಿಸಿದ್ದಕ್ಕೆ ಎರಡೂ ಕಡೆಗೆ ಸಮನಾಗಿ ಸಿಕ್ಕಿದ್ದೇ ಕಾರಣ ಎಂದು ನನ್ನ ಅಂದಾಜು: ದಿನಕ್ಕೆರಡು ಸಲದ ಕ್ರೀಮು ಮತ್ತು ಸನ್‌ಸ್ಕ್ರೀನ್. ಗಂಡಸರನ್ನೇ ನೂರಿನ್ನೂರು ಜನ ಸೇರಿಸಿ, ಅದರಲ್ಲೂ ನಮ್ಮ ಬಣ್ಣದ ಚರ್ಮದವರನ್ನು, ಡ್ರೈವರುಗಳನ್ನು, ಹೊಲದವರನ್ನು ಸೇರಿಸಿ, ಸಾದಾ ಕ್ರೀಮಿನ ಎದುರು ನಿಲ್ಲಿಸಿ ಯಾರಾದರೂ ಪರೀಕ್ಷೆ ಮಾಡಲಿ ಎಂದು ಮನಸಾರೆ ಬಯಸುತ್ತೇನೆ. ನಮ್ಮಲ್ಲಿ ಸುಕ್ಕಿಗಿಂತ ಮೊದಲು ಬರುವುದು ಬಂಗು ಮತ್ತು ಕಪ್ಪು ಕಲೆ. ಅಳೆಯಬೇಕಾದದ್ದೂ ಮೊದಲು ಅದನ್ನೇ.

ಮುಂದಿನ ಭಾನುವಾರದ ಕ್ಷೌರದಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬಲಗೆನ್ನೆಯ ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿದು, ಅರಸೀಕೆರೆ ರೂಟಿನ ಬಿಸಿಲಿನ ಲೆಕ್ಕವನ್ನೂ ಒಪ್ಪಿಸಿದೆ. ಅವರು ಮುಖ ಅಲ್ಲಾಡಿಸದೆ ಕೇಳಿಸಿಕೊಂಡರು. ನೊರೆ ಒರೆಸಿದ ಮೇಲೆ ಬಾಯಿ ಬಿಟ್ಟರು:

“ಗೊತ್ತಿತ್ತು ಕಣೋ. ಕೆನ್ನೆ ಉರೀತಿತ್ತಲ್ಲ. ಬಲಗಡೆ ಕಿಟಕಿಗೆ ಒದ್ದೆ ಟವೆಲ್ ಕಟ್ಕೋತಿದ್ದೆ. ಕಟ್ಟಿದ್ರೆ ಸೈಡ್ ಕನ್ನಡಿ ಕಾಣ್ತಿರ್ಲಿಲ್ಲ. ಹೊಳೆನರಸೀಪುರ ದಾಟೋದ್ರೊಳಗೆ ಬಿಚ್ಚಿಬಿಡ್ತಿದ್ದೆ. ಹಿಂದೆ ಬರೋ ಗಾಡಿ ಕಾಣ್ಬೇಕಲ್ಲ, ಬಸ್ ತುಂಬ ಜನ.”